ಚೀಟಿ, ಬಿಲ್ಲು, ಮೆಸೇಜು: ಎಐಗೆ ಯಾವುದನ್ನು ಹೇಗೆ ಒಪ್ಪಿಸಬೇಕು?

ವಿಜಯಪುರದ ಒಣದ್ರಾಕ್ಷಿ ವ್ಯಾಪಾರದ ಆಫೀಸಿನಲ್ಲಿ ಕೂತವರಿಗೆ ಸೀಸನ್ ಅಂದರೆ ಚೀಟಿಗಳ ರಾಶಿ. ತಿಕೋಟಾ, ಬಬಲೇಶ್ವರ ಕಡೆಯಿಂದ ಮಾಲು ಬರುತ್ತದೆ. ರೈತರ ಹೆಸರು, ಬಾಕ್ಸು, ತೂಕ, ಹಸಿರೋ ಹಳದಿಯೋ ಕಪ್ಪೋ, ದರ ಎಲ್ಲವೂ ಕಂಪ್ಯೂಟರಿನ ಲೆಕ್ಕದ ಶೀಟಿಗೆ ಹೋಗಬೇಕು. ಆಮೇಲೆ ಬಿಲ್ಲು, ರೈತರಿಗೆ ವಾಟ್ಸಾಪ್ ಮೆಸೇಜು, ಮಹಾರಾಷ್ಟ್ರದ ಸಾಂಗ್ಲಿ, ತಾಸಗಾಂವ ವ್ಯಾಪಾರಿಗಳಿಗೆ ಇಂಗ್ಲಿಷ್ ಮೇಲ್. ಈ ಕೆಲಸಗಳಿಗೆ ಎಐಯನ್ನು ಮೂರು ರೀತಿಯಲ್ಲಿ ಬಳಸಿ ನೋಡಿದ್ದೇನೆ.

ಮೊದಲನೆಯದು ಎಲ್ಲರೂ ಮಾಡುವುದು. ಚಾಟ್‌ಜಿಪಿಟಿ ಅಥವಾ ಜೆಮಿನಿ ತೆರೆದು, ಪ್ರತಿ ಸಲ ಕೆಲಸ ಹೇಳುವುದು. ಮೇಲ್ ಬರೆಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಕನ್ನಡದಲ್ಲಿ ವಿಷಯ ಹೇಳಿದರೆ ಸಾಕು, ಒಳ್ಳೆಯ ಇಂಗ್ಲಿಷಿನಲ್ಲಿ ಪತ್ರ ಸಿದ್ಧ. ರೈತರಿಗೆ ಕಳಿಸುವ ಕನ್ನಡ ಮಾತ್ರ ತಾನಾಗಿ ಸರಿ ಬರುವುದಿಲ್ಲ. ಸುಮ್ನೆ ಕೇಳಿದರೆ ಸರ್ಕಾರಿ ನೋಟಿಸಿನ ಭಾಷೆ ಬರುತ್ತದೆ. ‘ನಿಮ್ಮ ಮಾಲು ಬಂದೈತ್ರಿ, ತೂಕ ಇಷ್ಟ ಆಗೇತ್ರಿ’ ಅಂತ ನಮ್ಮ ಮಾತಿನ ಎರಡು ಮಾದರಿ ಕೊಟ್ಟ ಮೇಲೆ ದಾರಿಗೆ ಬಂತು.

ಆದರೆ ಚೀಟಿಯ ಫೋಟೋ ಕೊಟ್ಟು ತೂಕ ಕೂಡಿಸಲು ಹೇಳುವುದು ಬೇಡವೇ ಬೇಡ. ಅಚ್ಚಾದ ಅಕ್ಷರ ಚೆನ್ನಾಗಿ ಓದುತ್ತದೆ. ಕೈಬರಹದ ೬ ಮತ್ತು ೯ ಅದಲುಬದಲಾಗುತ್ತವೆ. ಇನ್ನು ಕೂಡಿಸುವ ವಿಷಯ. ಇಂಥ ಎಐಗಳು ಮುಂದೇನು ಬರಬಹುದು ಎಂದು ಅಂದಾಜಿಸಿ ಬರೆಯುತ್ತವೆ, ಅಂಕೆಯನ್ನೂ ಹಾಗೆಯೇ. ಉದ್ದದ ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋದರೂ ಉತ್ತರ ಅಷ್ಟೇ ಧೈರ್ಯದಿಂದ ಬರುತ್ತದೆ. ರೈತರ ದುಡ್ಡಿನ ವಿಷಯದಲ್ಲಿ ಅದು ನಡೆಯುತ್ತದಾ?

ಎರಡನೆಯದು ಶೀಟಿನೊಳಗೇ ಇರುವ ಎಐ. ಗೂಗಲ್ ಶೀಟ್ಸ್‌ನಲ್ಲಿ ಜೆಮಿನಿ, ಎಕ್ಸೆಲ್‌ನಲ್ಲಿ ಕೋಪೈಲಟ್. ಕಾಪಿ, ಪೇಸ್ಟ್ ತಪ್ಪುತ್ತದೆ, ಫಾರ್ಮುಲಾ ಸೂಚಿಸುತ್ತದೆ. ಸಾಮಾನ್ಯವಾಗಿ ದುಡ್ಡು ಕಟ್ಟುವ ಪ್ಲಾನ್ ಬೇಕು. ನಮ್ಮಂಥ ಸಣ್ಣ ಆಫೀಸಿಗೆ ಅಷ್ಟು ಖರ್ಚು ಮಾಡುವಷ್ಟು ಲಾಭ ನನಗೆ ಕಾಣಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಮೂರನೆಯದು: ಕೆಲಸವನ್ನು ಎಐ ಕೈಲಿ ಮಾಡಿಸದೆ, ಆ ಕೆಲಸ ಮಾಡುವ ಫಾರ್ಮುಲಾ, ಸ್ಕ್ರಿಪ್ಟ್ (ಶೀಟಿನಲ್ಲಿ ತಾನಾಗಿ ಓಡುವ ಸಣ್ಣ ಪ್ರೋಗ್ರಾಂ) ಬರೆಸಿಕೊಳ್ಳುವುದು. ಗೂಗಲ್ ಶೀಟ್ಸ್‌ನಲ್ಲಿ ಇದನ್ನು ಓಡಿಸುವ ಆ್ಯಪ್ಸ್ ಸ್ಕ್ರಿಪ್ಟ್ ಉಚಿತ. ಒಮ್ಮೆ ಹಳೆಯ ಬಿಲ್ಲುಗಳ ಜೊತೆ ತಾಳೆ ನೋಡಿ ಸರಿ ಮಾಡಿಕೊಂಡರೆ, ನಾಳೆಯೂ ಅದೇ ಲೆಕ್ಕ, ಅದೇ ಉತ್ತರ.

ಜಿಎಸ್‌ಟಿ ನಂಬರನ್ನೇ ನೋಡಿ. ಅದರಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಮಾಲು ಸಾಂಗ್ಲಿಗೆ ಮಾರಿದರೆ ಹೊರರಾಜ್ಯದ ಮಾರಾಟದ ತೆರಿಗೆ ಐಜಿಎಸ್‌ಟಿ, ಇಲ್ಲೇ ಮಾರಿದರೆ ಕೇಂದ್ರದ, ರಾಜ್ಯದ ಪಾಲುಗಳಾದ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಕೊನೆಯ ಅಕ್ಷರ ಹಿಂದಿನ 14ರಿಂದ ಲೆಕ್ಕ ಹಾಕಿ ಬರುವಂಥದ್ದು. ಹಾಗಾಗಿ ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿದರೂ ಸ್ಕ್ರಿಪ್ಟ್ ಆ ಕೋಶವನ್ನು ಕೆಂಪು ಮಾಡುತ್ತದೆ. ಚಾಟ್‌ನಲ್ಲಿ ‘ಈ ನಂಬರ್ ಸರಿ ಇದೆಯಾ’ ಅಂತ ಕೇಳಿ ಈ ಭರವಸೆ ಸಿಗದು.

ಮೆಸೇಜಿಗೂ ಇದೇ ದಾರಿ. ಪ್ರತಿ ಸಾಲಿನ ಕೊನೆಗೆ ರೈತರ ಹೆಸರು, ಬಾಕ್ಸು, ತೂಕ ತುಂಬಿದ ವಾಟ್ಸಾಪ್ ಲಿಂಕ್ ತಾನಾಗಿ ಬರುತ್ತದೆ. ಒತ್ತಿದರೆ ಮೆಸೇಜು ಬರೆದಿರುತ್ತದೆ, ನೋಡಿ ಕಳಿಸುವುದಷ್ಟೇ ಉಳಿದದ್ದು. ಆ ಒಂದು ಸಲದ ನೋಟ ನಮ್ಮ ಕೈಯಲ್ಲೇ ಇರಲಿ ಅಂತ ನನ್ನ ಹಟ.

ಶುರುವಿನಲ್ಲಿ ಕಷ್ಟ ಇದಕ್ಕೇ ಜಾಸ್ತಿ, ನಿಜ. ಎರರ್ ಬಂದರೆ ಅದನ್ನೇ ಹಾಗೇ ಚಾಟ್‌ಗೆ ಅಂಟಿಸಿ ಕೇಳಬೇಕು, ಮತ್ತೆ ಓಡಿಸಬೇಕು. ಆದರೆ ಇನ್ನೊಂದು ದೊಡ್ಡ ಅನುಕೂಲ ಇದೆ. ಸ್ಕ್ರಿಪ್ಟ್ ಬರೆಸಲು ಕಾಲಂಗಳ ಹೆಸರು, ಎರಡು ಮೂರು ನಕಲಿ ಸಾಲು ಕೊಟ್ಟರೆ ಸಾಕು. ನಿಜವಾದ ರೈತರ ಹೆಸರು, ಫೋನ್ ನಂಬರು, ಬ್ಯಾಂಕ್ ಖಾತೆ ಯಾವುದನ್ನೂ ಚಾಟ್‌ಗೆ ಹಾಕುವ ಪ್ರಸಂಗವೇ ಬರುವುದಿಲ್ಲ.