ಮಳೆಗಾಲದಲ್ಲಿ ಒಣ ಟವೆಲ್: ಕಾರವಾರದ ಒಂದು ಲಾಡ್ಜಿನಲ್ಲಿ ಆರು ವರ್ಷ

2019ರಿಂದ ತಿಂಗಳಿಗೆ ಎರಡು ರಾತ್ರಿ ಇದೇ ಲಾಡ್ಜಿನಲ್ಲಿ ಮಲಗುತ್ತಿದ್ದೇನೆ. ಕೊರೋನಾದ ತಿಂಗಳು ಬಿಟ್ಟರೂ ನೂರು ರಾತ್ರಿ ದಾಟಿದೆ. ಹೆಸರು ಹಾಕುವುದಿಲ್ಲ. ಬೈಗುಳವೂ ಇದೆ, ನಾಳೆ ಮತ್ತೆ ಅಲ್ಲೇ ಹೋಗಿ ನಿಲ್ಲಬೇಕಲ್ಲ! ಕಾರವಾರಕ್ಕೆ ಕೆಲಸದ ಮೇಲೆ ಹೋಗಿ ಬರುವವರಿಗೆ ಓದುತ್ತಾ ಗೊತ್ತಾಗುತ್ತದೆ.

ನಾನು ಶಿರಸಿಯವನು. ಬ್ಯಾಂಕುಗಳ ಯುಪಿಎಸ್, ಬ್ಯಾಟರಿ ರಿಪೇರಿ ನನ್ನ ಕೆಲಸ. ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಹೋದರೆ ಮೂರು ತಾಸು. ಘಟ್ಟ ಬಂದ್ ಇದ್ದರೆ ಯಲ್ಲಾಪುರ ಸುತ್ತಿ ಅಂಕೋಲಾಕ್ಕೆ ಇಳಿಯಬೇಕು. ಕೆಲಸ ಮುಗಿಸಿ ಅದೇ ದಿನ ವಾಪಸ್ ಬರೋದು ಆಗದ ಮಾತು. ಕಂಪನಿ ರೂಮಿಗೆ ಕೊಡೋದು ತೆರಿಗೆ ಸೇರಿ 1,800 ರೂಪಾಯಿ. ಅದರ ಮೇಲೆ ಹೋದರೆ ನನ್ನ ಜೇಬು. ಹಾಗಾಗಿ ದೇವಬಾಗದ ರೆಸಾರ್ಟುಗಳ ಬಗ್ಗೆ ನನ್ನನ್ನು ಕೇಳಬೇಡಿ.

ಟಿವಿ, ವೈಫೈ, ಎಸಿ ಎಲ್ಲ ಇದೆ. ಫೋಟೋದಲ್ಲಿ ಕಾಣುತ್ತೆ, ನೋಡಿಕೊಳ್ಳಿ. ನಾನು ಹೇಳಬೇಕಾಗಿರೋದು ಟವೆಲ್ ವಿಷಯ.

ಕಾರವಾರದ ಜುಲೈ ಗೊತ್ತಿಲ್ಲದವರಿಗೆ ಇದು ತಮಾಷೆ ಅನ್ನಿಸಬಹುದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಗಾಳಿಯೂ ಒದ್ದೆ, ಸಾಲದ್ದಕ್ಕೆ ಉಪ್ಪು. ಬಾಗಿಲಿನ ತಿರುಗಣೆ ತುಕ್ಕು ಹಿಡಿಯುತ್ತದೆ, ಬೀರುವಿನ ಹಿಂದಿನ ಗೋಡೆಗೆ ಕಪ್ಪು ಚುಕ್ಕಿ ಬರುತ್ತದೆ. ಅಲ್ಲಿ ಫ್ಯಾನಿನ ಕೆಳಗೆ ಹರವಿದ ದಪ್ಪ ಟವೆಲ್ ಒಣಗೋಕೆ ಎರಡು ದಿನ ಬೇಕು. ಒಣಗಿದ ಮೇಲೂ ಮುಗ್ಗಲು ವಾಸನೆ. ನಮ್ಮ ಮನೆಯಲ್ಲಾದರೆ ಬಚ್ಚಲೊಲೆಯ ಮೇಲೆ ದಾರ ಕಟ್ಟಿ ಒಣಗಿಸುತ್ತೇವೆ. ಹೊಗೆ ವಾಸನೆ ಬರುತ್ತೆ ನಿಜ, ಆದರೆ ಗರಿಗರಿ. ಲಾಡ್ಜಿನಲ್ಲಿ ಒಲೆ ಎಲ್ಲಿಂದ ತರೋದು?

ಮೊದಲ ನಾಲ್ಕು ವರ್ಷ ನನ್ನದೊಂದು ಶಾಸ್ತ್ರವೇ ಇತ್ತು. ರೂಮಿಗೆ ಹೋದ ತಕ್ಷಣ ಚಪ್ಪಲಿ ಬಿಡುವ ಮೊದಲೇ ಟವೆಲ್ ಎತ್ತಿ ಮೂಸಿ ನೋಡುವುದು. ಆಮೇಲೆ ದಿಂಬಿನ ಚೀಲ. ವಾಸನೆ ಬಂದರೆ ಕುರ್ಚಿಯ ಬೆನ್ನಿಗೆ ಹಾಕಿ, ಕುರ್ಚಿ ಎಳೆದು ಫ್ಯಾನಿನ ಕೆಳಗೆ ಇಟ್ಟು, ರೆಗ್ಯುಲೇಟರ್ ಐದಕ್ಕೆ ತಿರುಗಿಸಿ ಊಟಕ್ಕೆ ಹೋಗುವುದು. ಬರುವಷ್ಟರಲ್ಲಿ ಕರೆಂಟ್ ಹೋಗಿರುತ್ತಿತ್ತು. ಕೊನೆಗೆ ಬ್ಯಾಗಿನಿಂದ ಮನೆಯ ತೆಳು ಟವೆಲ್ ತೆಗೆಯುವುದು. ಆಗ ಬಾಡಿಗೆ 850 ರೂಪಾಯಿ. ಸಾವಿರದೊಳಗಿನ ರೂಮಿಗೆ ಜಿಎಸ್‌ಟಿ ಇರಲಿಲ್ಲ. 2022ರ ಜುಲೈನಲ್ಲಿ ಅದಕ್ಕೂ 12 ಪರ್ಸೆಂಟ್ ಬಂತು. 950 ಆಗಿದ್ದ ಬಾಡಿಗೆ 1,064 ಆಯಿತು. ಟವೆಲ್ ಹಾಗೇ ಇತ್ತು.

2023ರಲ್ಲಿ ರಿನೋವೇಶನ್. ಗಾಜಿನ ಬಾಗಿಲು, ಕೌಂಟರಿನ ಹಿಂದೆ ನೀಲಿ ಲೈಟು, ಬೋರ್ಡಿನಲ್ಲಿ ಲಾಡ್ಜ್ ಹೋಗಿ ಹೋಟೆಲ್. ಬಾಡಿಗೆ 1,600, ತೆರಿಗೆ ಸೇರಿ 1,792. ನಮ್ಮ ಕಂಪನಿಯ ಸುತ್ತೋಲೆ ಇವರಿಗೆ ಯಾರು ಕೊಟ್ಟರೋ! ಸಿಟ್ಟಿನಲ್ಲೇ ರೂಮಿಗೆ ಹೋದೆ, ಅಭ್ಯಾಸದಂತೆ ಟವೆಲ್ ಮೂಸಿದೆ. ಜುಲೈ ತಿಂಗಳು, ಹೊರಗೆ ಧೋ ಅಂತ ಮಳೆ. ಟವೆಲ್ ಒಣಗಿತ್ತು. ಒಣಗಿದ್ದು ಅಷ್ಟೇ ಅಲ್ಲ, ಒಳಗೆ ಇನ್ನೂ ಸ್ವಲ್ಪ ಬೆಚ್ಚಗಿತ್ತು.

ಕೆಳಗೆ ಹೋಗಿ ಕೇಳಿದೆ. ಬಟ್ಟೆ ಒಣಗಿಸುವ ಮಿಷನ್ ತಂದಿದ್ದಾರಂತೆ. ಮ್ಯಾನೇಜರ್ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದರು. ದೊಡ್ಡ ಡ್ರಮ್ ಬಿಸಿಗಾಳಿಯಲ್ಲಿ ಗುಡುಗುಡು ತಿರುಗುತ್ತಿತ್ತು. ಮುಕ್ಕಾಲು ತಾಸಿನಲ್ಲಿ ಒಂದು ಒಬ್ಬೆ. ಮೊದಲು ಒಂದು ಹಾಸಿಗೆಗೆ ಎರಡೇ ಸೆಟ್ ಇತ್ತಂತೆ, ಒಂದು ಹಾಸಿಗೆ ಮೇಲೆ, ಒಂದು ದಾರದ ಮೇಲೆ. ಈಗ ಮೂರು. ಮೂರನೆಯದು ಕಪಾಟಿನಲ್ಲಿ ಕಾಯುತ್ತಾ ಇರುತ್ತದೆ. ನನಗಂತೂ ಇಡೀ ರಿನೋವೇಶನ್ ಅಂದರೆ ಆ ಕಪಾಟು. ಗಾಜಿನ ಬಾಗಿಲು ಇಲ್ಲದಿದ್ದರೂ ನಡೆಯುತ್ತಿತ್ತು.

ಆದರೆ ಈ ಸಂತೋಷ ಜಾಸ್ತಿ ದಿನ ಉಳಿಯಲಿಲ್ಲ. ಎರಡು ತಿಂಗಳಿಗೆ ಟವೆಲ್ ಮಲ್ಲಿಗೆ ವಾಸನೆ ಹೊಡೆಯತೊಡಗಿತು. ಮುಟ್ಟಿದರೆ ಬೆಣ್ಣೆ. ಮೈ ಒರೆಸಿದರೆ ನೀರು ಟವೆಲಿಗೆ ಹೋಗುವುದೇ ಇಲ್ಲ, ಬೆನ್ನಿನ ಮೇಲೆ ಈ ಕಡೆಯಿಂದ ಆ ಕಡೆಗೆ ಓಡಾಡುತ್ತದೆ! ಬಟ್ಟೆ ಮೃದು ಮಾಡುವ ಲಿಕ್ವಿಡ್ ಜಾಸ್ತಿ ಹಾಕಿದರೆ ಎಳೆಗಳಿಗೆ ಜಿಡ್ಡಿನ ಪದರ ಹಿಡಿದು ನೀರು ಹೀರುವುದಿಲ್ಲ. ಹೇಳಿದೆ. "ಗೆಸ್ಟ್ ಎಲ್ಲಾ ಪರಿಮಳ ಚಲೋ ಇದೆ ಅಂತಾರೆ ಸರ್" ಅಂದರು. ನಾಲ್ಕು ಸಲ ಹೇಳಿದ ಮೇಲೆ ನಿಂತಿತು.

ಇನ್ನೂ ಒಂದಿಷ್ಟಿವೆ. ಮೊದಲು ಪಕ್ಕದ ಅಂಗಡಿಯಿಂದ ಬಿಸಿ ಬನ್ಸ್, ಭಾಜಿ ತರಿಸಿ ಕೊಡುತ್ತಿದ್ದರು. ಈಗ ಬಫೆ. ಮುಚ್ಚಳದ ಕೆಳಗೆ ಬೆವರಿದ ಇಡ್ಲಿ, ಚರ್ಮದಂತ ಟೋಸ್ಟು. ಹೊರಡುವಾಗ ಹುಡುಗ ಕ್ಯೂಆರ್ ಕಾರ್ಡ್ ಹಿಡಿದು "ಫೈವ್ ಸ್ಟಾರ್ ಹಾಕಿ ಸರ್" ಅಂತ ಬಾಗಿಲಲ್ಲೇ ನಿಲ್ಲುತ್ತಾನೆ. ಹುಡುಗನೂ ಪ್ರತಿ ಸಲ ಬೇರೆ. ಕೆಲಸ ಕಲಿತ ಕೂಡಲೇ ಗೋವಾಕ್ಕೆ ಹೋಗಿಬಿಡುತ್ತಾರೆ, ಅಲ್ಲಿ ಸಂಬಳ ಜಾಸ್ತಿ ಅಂತ ಮ್ಯಾನೇಜರ್ ಗೋಳು. ಕಾಳಿ ಸೇತುವೆ ದಾಟಿದರೆ ಗೋವಾದ ಗಡಿ ಎಷ್ಟು ದೂರ ಹೇಳಿ.

2025ರ ಸೆಪ್ಟೆಂಬರ್ 22ಕ್ಕೆ ರೂಮಿನ ತೆರಿಗೆ 12ರಿಂದ 5 ಪರ್ಸೆಂಟಿಗೆ ಇಳಿಯಿತು. ಒಂದು ತಿಂಗಳು 1,680 ಕೊಟ್ಟು ಖುಷಿಪಟ್ಟೆ. ಮುಂದಿನ ತಿಂಗಳು ಬಾಡಿಗೆ 1,700 ಆಗಿತ್ತು. ಬಿಲ್ಲು 1,785. ಸರ್ಕಾರ ಇಳಿಸಿದ್ದರಲ್ಲಿ ನನ್ನ ಪಾಲು ಏಳು ರೂಪಾಯಿ. ಅವರ ವಾದವೂ ಸುಳ್ಳಲ್ಲ ಅನ್ನಿ. 5 ಪರ್ಸೆಂಟಿನಲ್ಲಿ, ಅವರು ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ.

ಇಷ್ಟಾದರೂ ಬೇರೆ ಕಡೆ ಯಾಕೆ ಹೋಗಿಲ್ಲ ಅಂದರೆ, 2024ರ ಜುಲೈ 16. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದ ದಿನ. ನಾನು ಕಾರವಾರದಲ್ಲಿದ್ದೆ. ಹೆದ್ದಾರಿ ಬಂದ್, ಲಾಡ್ಜ್ ತುಂಬಾ ಸಿಕ್ಕಿಹಾಕಿಕೊಂಡವರು. ಎಲ್ಲರೂ ಫೋನ್ ಹಿಡಿದು ಸುದ್ದಿ ನೋಡುತ್ತಿದ್ದರು. ಅಷ್ಟು ಜೀವ ಹೋದ ದಿನ ಟವೆಲ್ ವಿಷಯ ಮಾತಾಡೋದು ಸರಿಯಲ್ಲ ಅಂತ ಗೊತ್ತು. ಆದರೂ ಬರೆಯುತ್ತೇನೆ. ಕರೆಂಟ್ ಇರಲಿಲ್ಲ, ಜನರೇಟರಿಗೆ ಆ ಮಿಷನ್ ಎಳೆಯುವ ತಾಕತ್ತಿಲ್ಲ. ರಾತ್ರಿ ಒಂಬತ್ತಕ್ಕೆ ಬಾಗಿಲು ಬಡಿದರು. ರೂಮ್ ಸ್ವಚ್ಛ ಮಾಡುವ ಅಕ್ಕ. ಕೈಯಲ್ಲಿ ಮಡಚಿದ ಟವೆಲ್, ಮುಟ್ಟಿದರೆ ಸುಡುವಷ್ಟು ಬಿಸಿ. ಕರಟದ ಕೆಂಡ ಹಾಕಿದ ಹಳೇ ಇಸ್ತ್ರಿ ಪೆಟ್ಟಿಗೆಯಲ್ಲಿ ಒಂದೊಂದನ್ನೇ ತಿಕ್ಕಿ ಒಣಗಿಸಿದ್ದರು. ಒಂದು ಮೂಲೆಯಲ್ಲಿ ಕಂದು ಕಲೆ. "ಸ್ವಲ್ಪ ಸುಟ್ಟೋಯ್ತು, ಬೇರೆ ಬೇಕಾ?" ಅಂದರು. ಮೂಸಿ ನೋಡಿದೆ. ನಮ್ಮ ಬಚ್ಚಲಿನ ವಾಸನೆ.

ಸ್ಟಾರ್ ಕೇಳಿದರೆ ಮಳೆಗಾಲಕ್ಕೆ ನಾಲ್ಕು, ಬೇಸಿಗೆಗೆ ಮೂರು. ಬಫೆಗೆ ಏನೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗುವವರು ಸಮುದ್ರದ ಕಡೆಯ ರೂಮ್ ಕೇಳಬೇಡಿ. ಕಿಟಕಿ ತೆಗೆಯೋಕೆ ಆಗಲ್ಲ, ಗೋಡೆ ಬೆವರುತ್ತೆ. ಎರಡನೇ ಮಹಡಿಯ ಹಿಂದಿನ ಮೂಲೆಯದು ಕೇಳಿ. ಬಟ್ಟೆ ಒಣಗಿಸುವ ಕೋಣೆಯ ಬಿಸಿಗಾಳಿ ಕೊಳವೆ ಅದರ ಗೋಡೆಗೇ ತಾಗಿ ಮೇಲೆ ಹೋಗುತ್ತದೆ. ರಾತ್ರಿ ಹತ್ತರವರೆಗೆ ಗುಡುಗುಡು ಸದ್ದು, ಆದರೆ ಬೀರುವಿನ ಹಿಂದೆ ಒಂದು ಕಪ್ಪು ಚುಕ್ಕಿ ಇಲ್ಲ. ತಿಂಗಳ ಎರಡನೇ ಮಂಗಳವಾರ, ಬುಧವಾರ ಮಾತ್ರ ಅದು ಸಿಗುವುದಿಲ್ಲ, ನಾನಿರುತ್ತೇನೆ.