ಶಿರಸಿಗೆ ಮೂರು ಘಟ್ಟ, ನನ್ನ ಓಟು ದೇವಿಮನೆಗೆ

ಮೊದಲೇ ಹೇಳಿಬಿಡುತ್ತೇನೆ. ಕರಾವಳಿಯಿಂದ ಶಿರಸಿಗೆ ಸೈಕಲ್ ಮೇಲೆ ಹೋಗುವುದಾದರೆ ದೇವಿಮನೆ ಘಟ್ಟ ಹತ್ತಿ. ವಡ್ಡಿ ಘಟ್ಟದಲ್ಲಿ ನಾನು ಪಟ್ಟ ಪಾಡು ಕೇಳಿದ ಮೇಲೆ ನೀವೂ ಹಾಗೇ ಅನ್ನುತ್ತೀರಿ.

ಮಳೆ ಮುಗಿದ ಮೇಲೆ ಕಾರವಾರದಿಂದ ಮೈಸೂರಿಗೆ ಸೈಕಲ್ ಹೊಡೆಯುವ ಹುಚ್ಚು ನನಗೆ. ಎರಡನೇ ದಿನ ಘಟ್ಟ ಹತ್ತಿ ಶಿರಸಿ ಸೇರಬೇಕು. ಶಿರಸಿ ಇರುವುದು ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲೆ. ಯಾವ ದಾರಿ ಹಿಡಿದರೂ ಆ ಎತ್ತರ ತಪ್ಪುವುದಿಲ್ಲ. ಅದನ್ನು ನಿಧಾನಕ್ಕೆ ಹತ್ತುತ್ತೀರೋ, ಒಂದೇ ಏಟಿಗೆ ಹತ್ತುತ್ತೀರೋ ಅನ್ನುವುದಷ್ಟೇ ವ್ಯತ್ಯಾಸ. ಮೂರು ವರ್ಷ ಮೂರು ದಾರಿ ನೋಡಿದೆ.

ಮೊದಲ ವರ್ಷ ಅಂಕೋಲಾದಲ್ಲಿ ಉಳಿದು ಅರಬೈಲ್ ಘಟ್ಟ ಹತ್ತಿದೆ. ರಸ್ತೆ ಅಗಲ, ಏರು ಹದ. ರಾಮನಗುಳಿ ಕಡೆ ಗಂಗಾವಳಿ ನದಿ ಜೊತೆಗೆ ಬರುತ್ತದೆ, ಚಂದ ಇದೆ. ಆದರೆ ಅದು ಹುಬ್ಬಳ್ಳಿಯ ಹೆದ್ದಾರಿ. ಲೋಡ್ ತುಂಬಿದ ಲಾರಿ ಏರಿನಲ್ಲಿ ಸೈಕಲ್‌ಗಿಂತ ಚೂರೇ ಚೂರು ಜೋರಾಗಿ ಹೋಗುತ್ತದೆ. ಅದು ನಮ್ಮನ್ನು ದಾಟುವಷ್ಟರಲ್ಲಿ ಅರ್ಧ ಕಿಲೋಮೀಟರ್ ಹೊಗೆ ಕುಡಿದಿರುತ್ತೇವೆ. ಮೇಲೆ ಯಲ್ಲಾಪುರಕ್ಕೆ ಬಂದರೂ ಶಿರಸಿ ಇನ್ನೂ 50 ಕಿಲೋಮೀಟರ್. ಮಂಚಿಕೇರಿ ದಾಟುವ ಹೊತ್ತಿಗೇ ಕತ್ತಲಾಯಿತು. ಹುಬ್ಬಳ್ಳಿಗೆ ಹೋಗುವವರಿಗೆ ಇದು ಸರಿ, ಶಿರಸಿಗೆ ಸುತ್ತು.

ಎರಡನೇ ವರ್ಷ ವಡ್ಡಿ. ನಕ್ಷೆಯಲ್ಲಿ ನೋಡಿದರೆ ಇದರಷ್ಟು ಚೊಕ್ಕ ದಾರಿ ಇನ್ನೊಂದಿಲ್ಲ. ಅಂಕೋಲಾದಿಂದ ಹಿಲ್ಲೂರು, ಅಚವೆ, ಯಾಣದ ಆಸುಪಾಸಿನಲ್ಲೇ ಹಾದು ಸೀದಾ ಶಿರಸಿ. ಲಾರಿ ಕಾಟ ಇಲ್ಲ. ಎರಡೂ ಕಡೆ ಕಾಡು, ನಡುನಡುವೆ ಅಡಿಕೆ ತೋಟ. ಅಚವೆಯ ತನಕ ಹಾಡಿಕೊಂಡೇ ಹೋದೆ.

ಆಮೇಲೆ ಶುರುವಾಯಿತು. ರಸ್ತೆ ಕಿರಿದು. ತಿರುವಿನಲ್ಲಿ ಎದ್ದು ನಿಂತು ತುಳಿದರೂ ಚಕ್ರ ಮುಂದೆ ಹೋಗಲೊಲ್ಲದು. ನನ್ನ ಸೈಕಲ್‌ನಲ್ಲಿ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 28. ಅಂದರೆ ಅತಿ ಹಗುರ ಗೇರ್‌ನಲ್ಲೂ ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗಬೇಕು. ಬಯಲುಸೀಮೆಯಲ್ಲಿ ಅದು ಧಾರಾಳ ಸಾಕು. ಹಿಂದೆ 14 ಕೆಜಿ ಚೀಲ ಕಟ್ಟಿಕೊಂಡು ವಡ್ಡಿ ಹತ್ತಲು ಸಾಲದು. ಇಳಿದು ದೂಡಿದೆ.

ದೂಡುವುದೇನು ಮಹಾ ಅಂದುಕೊಳ್ಳಬೇಡಿ. ಪ್ರವಾಸಕ್ಕೆ ಅಂತಲೇ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಪೆಡಲ್‌ಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ತಗೊಂಡಿದ್ದೆ. ‘ಘಟ್ಟ ಹತ್ತೋರಿಗೆ ಇದೇ ಬೇಕ್ರೀ, ಕಾಲು ಪೆಡಲ್ ಬಿಡೋದೇ ಇಲ್ಲ’ ಅಂದಿದ್ದ ಅಂಗಡಿಯವ. ನಿಜ, ಪೆಡಲ್ ಬಿಡುವುದಿಲ್ಲ. ಆದರೆ ನೆಲ ಹಿಡಿಯುವುದೂ ಇಲ್ಲ. ಅಡಿಗೆ ಗಟ್ಟಿ ಪ್ಲಾಸ್ಟಿಕ್ ತುಂಡು. ಮಳೆಗಾಲದ ಹಾವಸೆ ರಸ್ತೆಯ ಅಂಚಿನಲ್ಲಿ ಇನ್ನೂ ಒಣಗಿರಲಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಜಾರಿದಾಗಲೆಲ್ಲ ಪೆಡಲ್ ಬಂದು ಮೊಣಕಾಲ ಕೆಳಗೆ ಬಡಿಯುತ್ತಿತ್ತು. ಭಾರವೆಲ್ಲ ಹಿಂದೆ ಇದ್ದುದರಿಂದ ಮುಂದಿನ ಚಕ್ರ ಕುದುರೆಯ ಹಾಗೆ ಏಳುತ್ತಿತ್ತು.

ಕಡೆಗೆ ಶೂ ಬಿಚ್ಚಿ ಹ್ಯಾಂಡಲ್‌ಗೆ ಕಟ್ಟಿ ಬರಿಗಾಲಲ್ಲಿ ದೂಡಿದೆ. ರಕ್ತ ಹೀರುವ ಉಂಬಳಗಳಿಗೆ ಹಬ್ಬ. ಕಾಲು ನೋಡಿಕೊಳ್ಳೋಣ ಅಂದರೆ ಸೈಕಲ್ ಬಿಡುವ ಹಾಗಿಲ್ಲ, ಬಿಟ್ಟರೆ ಅದು ವಾಪಸ್ ಅಂಕೋಲಾಕ್ಕೇ ಹೋಗುತ್ತದೆ. ಅಡಿಕೆ ಗೊನೆ ಕೊಯ್ಲಿಗೆ ಹೊರಟ ಅಜ್ಜ ಒಬ್ಬರು ನಿಂತು ನೋಡಿದರು. ‘ತಮಾ, ಸೈಕಲ್ ಇಟ್ಗಂಡು ಎಂತಕ್ಕೆ ದೂಡ್ತೆ?’ ಏನು ಹೇಳಲಿ? ಎಲೆ ಅಡಿಕೆ ಚೀಲದಿಂದ ಸುಣ್ಣ ತೆಗೆದು ಉಂಬಳಕ್ಕೆ ಮುಟ್ಟಿಸಿದರು. ತಟ್ಟನೆ ಉದುರಿದವು. ಮನೆಗೆ ಕರೆದು ಮಜ್ಜಿಗೆಯನ್ನೂ ಕೊಟ್ಟರು. ಅಂಗಡಿ ಇಲ್ಲದ ಆ ದಾರಿಯಲ್ಲಿ ನನ್ನ ನೀರು ಆಗಲೇ ಖಾಲಿಯಾಗಿತ್ತು. ಆ ಮಜ್ಜಿಗೆಗಾಗಿ ವಡ್ಡಿಗೆ ಒಂದು ಅಂಕ ಜಾಸ್ತಿ ಕೊಡಬಹುದು.

ಹಿಂದಿನ ಹಲ್ಲುಚಕ್ರಕ್ಕೆ ಹಲ್ಲು ಹೆಚ್ಚಾದಷ್ಟೂ ತುಳಿಯುವುದು ಹಗುರ. ಊರಿಗೆ ಬಂದು ಹಿಂದೆ 34 ಹಲ್ಲಿನ ಚಕ್ರ ಹಾಕಿಸೋಣ ಅಂತ ಹೋದೆ. ಬರೀ ಚಕ್ರ ಬದಲಿಸಿದರೆ ಆಗುವುದಿಲ್ಲ, ಚೈನ್ ದಾಟಿಸುವ ಡಿರೇಲರ್ ಕೂಡ ಉದ್ದ ತೋಳಿನದು ಬೇಕು, ಚೈನೂ ಉದ್ದ ಆಗಬೇಕು ಅಂದರು. ಲೆಕ್ಕ ಹಾಕಿದರೆ ನನ್ನ ಪ್ರವಾಸದ ನಾಲ್ಕು ದಿನದ ಊಟ ವಸತಿ ಖರ್ಚು ಅಲ್ಲೇ ಹೋಗುತ್ತಿತ್ತು. ಸೈಕಲ್ ಬದಲಿಸುವುದಕ್ಕಿಂತ ಘಟ್ಟ ಬದಲಿಸುವುದು ಅಗ್ಗ, ಅಲ್ವಾ?

ಹಾಗೆ ಮೂರನೇ ವರ್ಷ ದೇವಿಮನೆಗೆ ಬಂದೆ. ಮೊದಲ ದಿನ ಅಂಕೋಲಾದಲ್ಲಿ ನಿಲ್ಲದೆ ಕುಮಟಾ ತನಕ ಹೊಡೆದು ಅಲ್ಲೇ ಉಳಿದೆ. ಇದೇ ಮುಖ್ಯ. ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರ್. ಬೆಳಗ್ಗೆ ಆರಕ್ಕೆ ಬಿಟ್ಟರೆ ಕತಗಾಲ ದಾಟಿ ಘಟ್ಟದ ಬುಡಕ್ಕೆ ಬರುವಾಗ ಇನ್ನೂ ತಂಪು ಇರುತ್ತದೆ. ಕರಾವಳಿಯ ಸೆಖೆಯಲ್ಲಿ ಹತ್ತು ಗಂಟೆಗೆ ಏರು ಶುರು ಮಾಡಿದರೆ ಬೆವರು ಆರುವುದೇ ಇಲ್ಲ, ಮೈಯೆಲ್ಲ ಅಂಟು ಅಂಟು.

ಏರು ಉದ್ದ, ಆದರೆ ಒಂದೇ ಸಮ. ಅದೇ 34–28ರಲ್ಲಿ ಕೂತಲ್ಲೇ ಕೂತು ತುಳಿದೆ. ಉಸಿರು ಕಟ್ಟಲಿಲ್ಲ, ಇಳಿಯಲೂ ಇಲ್ಲ. ಮೇಲೆ ದೇವಿಮನೆ ಗುಡಿಯ ಹತ್ತಿರ ಬಸ್ಸು, ಕಾರಿನವರು ನಿಂತು ಕೈ ಮುಗಿದು ಹೋಗುತ್ತಾರೆ. ನಾನು ಅಲ್ಲಿ ಕುಮಟಾದಿಂದ ಕಟ್ಟಿಸಿಕೊಂಡು ಬಂದ ಇಡ್ಲಿ ಬಿಚ್ಚಿದೆ.

ತೊಂದರೆ ಇಲ್ಲವೇ? ಇದೆ. ನಾನು ಹೋದಾಗ ರಸ್ತೆ ಅಗಲ ಮಾಡುವ ಕೆಲಸದ ಜಲ್ಲಿ, ಕೆಂಪು ಧೂಳು ಇತ್ತು. ಹೊರಡುವ ಮುಂಚೆ ರಸ್ತೆ ಬಿಟ್ಟಿದ್ದಾರಾ ಅಂತ ಕುಮಟಾದಲ್ಲಿ ಕೇಳಿಕೊಳ್ಳಿ. ಇನ್ನೊಂದು, ಗುಡಿ ಬಂದ ಕೂಡಲೇ ಘಟ್ಟ ಮುಗಿಯಿತು ಅಂತ ಕುಣಿಯಬೇಡಿ. ಬಂಡಲ, ರಾಗಿಹೊಸಳ್ಳಿ ಕಡೆ ಏರು ಇಳಿವು ಸಾಲಾಗಿ ಇವೆ. ಕಾಲಲ್ಲಿ ಸ್ವಲ್ಪ ಶಕ್ತಿ ಉಳಿಸಿಕೊಂಡಿರಿ. ನಾನಂತೂ ಮಧ್ಯಾಹ್ನದ ಊಟಕ್ಕೆ ಶಿರಸಿಯಲ್ಲಿದ್ದೆ. ಸಂಜೆ ಮಾರಿಕಾಂಬಾ ಗುಡಿಗೆ ಹೋಗಿ ಬಂದು ತೊಡೆದೇವನ್ನೂ ತಿಂದೆ. ವಡ್ಡಿ ಹತ್ತಿದ ಸಂಜೆ ಲಾಡ್ಜಿನ ಮೆಟ್ಟಿಲು ಹತ್ತಲೂ ಆಗಿರಲಿಲ್ಲ.

ಮೌಂಟನ್ ಬೈಕ್ ಇರುವ ನನ್ನ ಗೆಳೆಯ ವಡ್ಡಿಯೇ ಸ್ವರ್ಗ ಅನ್ನುತ್ತಾನೆ. ಅವನ ಮುಂದಿನ ಚಿಕ್ಕ ಚಕ್ರಕ್ಕೆ 28 ಹಲ್ಲು, ಹಿಂದೆ 34. ವಯಸ್ಸು ಇಪ್ಪತ್ತಾರು. ಸಾಮಾನು ಅಂದರೆ ಒಂದು ಟವೆಲ್. ಅವನು ಹೋಗಲಿ. ನನಗೆ ನಲವತ್ತೆಂಟು, ಗಂಟೆಗೊಮ್ಮೆ ಚಹಾ ಬೇಕು, ಸೈಕಲ್ ಇನ್ನೂ ಹಳೆಯದೇ.

ಈಗ ಕಾಲಿಗೆ ಮಾಮೂಲಿ ಕ್ಯಾನ್ವಾಸ್ ಶೂ. ಕ್ಲೀಟ್ ಶೂ ಅಟ್ಟದ ಮೇಲಿದೆ. ಎಂಟು ನಂಬರ್ ಕಾಲಿನವರು ಯಾರಾದರೂ ಇದ್ದರೆ ಬಂದು ಸುಮ್ನೆ ತಗೊಂಡು ಹೋಗಿ, ದುಡ್ಡು ಬೇಡ.