ಬೋಕಿಯ ಮಣ್ಣು ಯಾವೂರದು? ಎಕ್ಸ್‌ಆರ್‌ಎಫ್ ಗನ್, ಐಸಿಪಿ-ಎಂಎಸ್, ತೆಳುಛೇದ: ಮೂರರ ಹೋಲಿಕೆ

ಹಾವೇರಿ ಜಿಲ್ಲೆಯ ಹಳ್ಳೂರಿನಂಥ ಪ್ರಾಚೀನ ದಿಬ್ಬದಲ್ಲಿ ಕಪ್ಪು-ಕೆಂಪು ಬೋಕಿ (ಮಡಕೆ ಚೂರು) ಸಿಕ್ಕರೆ ಮೊದಲ ಪ್ರಶ್ನೆ ಒಂದೇ: ಇದು ತುಂಗಭದ್ರೆ ದಂಡೆಯ ಮಣ್ಣೋ, ಗದಗದ ಕಪ್ಪತಗುಡ್ಡದ ಕಡೆಯಿಂದ ಬಂದದ್ದೋ? ಇದಕ್ಕೆ ಉತ್ತರ ಹುಡುಕುವ ಮೂರು ದಾರಿಗಳನ್ನು ಒಂದೇ ಬಗೆಯ ಬೋಕಿಗಳ ಮೇಲೆ ಹಾಯಿಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಮೊದಲು ಸೂಕ್ಷ್ಮದರ್ಶಕ (ಬೋಕಿಯ ತೆಳ್ಳನೆ ಹೋಳು ತೇಯ್ದು ನೋಡುವ ತೆಳುಛೇದ), ಆಮೇಲೆ ಗನ್ (ಎಕ್ಸ್-ಕಿರಣ ಹಾಯಿಸಿ ಧಾತು ಓದುವ ಕೈಯಂತ್ರ, ಎಕ್ಸ್‌ಆರ್‌ಎಫ್), ಕೊನೆಗೆ ಆಸಿಡ್ (ಬೋಕಿಯ ಪುಡಿ ಕರಗಿಸಿ ಧಾತು ಅಳೆಯುವ ಐಸಿಪಿ-ಎಂಎಸ್). ಹೆಚ್ಚಿನವರು ಈ ಸಾಲನ್ನು ತಲೆಕೆಳಗು ಮಾಡಿ ದುಡ್ಡು ಕಳೆಯುತ್ತಾರೆ.

ಗನ್‌ನ ಗುಣ ವೇಗ. ಬೋಕಿಗೆ 90 ಸೆಕೆಂಡಿನ ಮೂರು ಓದು ಹಿಡಿದರೂ ದಿನಕ್ಕೆ 50 ಬೋಕಿ ಮುಗಿಯುತ್ತವೆ. ಆದರೆ ಹೊರಮೈಗೆ ಒತ್ತಿ ಹಿಡಿದ ಓದು ಲೇಪದ್ದೋ, ಹತ್ತಿದ ಎರೆಮಣ್ಣಿನದೋ ಆಗಿರುತ್ತದೆ. ಅಲ್ಯುಮಿನಿಯಂ, ಸಿಲಿಕಾನ್‌ಗಳ ಕಿರಣ ಹೊರಬರುವುದು ಕೆಲವು ಹತ್ತು ಮೈಕ್ರಾನ್ ಆಳದಿಂದ ಮಾತ್ರ. ರುಬಿಡಿಯಂ, ಸ್ಟ್ರಾನ್ಷಿಯಂ, ಜಿರ್ಕೋನಿಯಂಗಳದು ಅದಕ್ಕಿಂತ ಬಹಳ ಒಳಗಿನಿಂದ. ಅಂದರೆ ಒಂದೇ ಓದಿನಲ್ಲಿ ಎರಡು ಬೇರೆ ಬೇರೆ ಆಳದ ಲೆಕ್ಕ ಬೆರೆತಿರುತ್ತದೆ. ಡೈಮಂಡ್ ಬ್ಲೇಡಿನಿಂದ ಒಂದು ಅಂಚನ್ನು ಸಪಾಟಾಗಿ ಕೊಯ್ದು, 105 ಡಿಗ್ರಿಯಲ್ಲಿ ಒಣಗಿಸಿ, ಆ ಕೊಯ್ದ ಮುಖಕ್ಕೇ ಗನ್ ಹಿಡಿಯಿರಿ. ಮುಖ ಬಾಗಿದ್ದರೆ ನಡುವೆ ಗಾಳಿ ನಿಂತು ಹಗುರ ಧಾತುಗಳ ಅಂಕಿ ಇಳಿಯುತ್ತದೆ. ಸೋಡಿಯಂ ಓದಿಗೇ ಸಿಗುವುದಿಲ್ಲ.

ಯಂತ್ರ ತೋರಿಸಿದ ಪ್ರತಿ ಅಂಕಿಯನ್ನೂ ನಂಬಬೇಡಿ. ಟೈಟಾನಿಯಂನ ಒಂದು ಕಿರಣದ ಗೆರೆ ವನೇಡಿಯಂನದರ ಮೇಲೆ ಬೀಳುತ್ತದೆ, ಬೇರಿಯಂನದು ಟೈಟಾನಿಯಂ ಮೇಲೆ, ರುಬಿಡಿಯಂನದು ಇಟ್ರಿಯಂ ಮೇಲೆ. ಗೊತ್ತಿರುವ ಸಂಯೋಜನೆಯ ಒಂದು ಇಟ್ಟಿಗೆ ತುಂಡನ್ನು ಪ್ರತಿ 10 ಬೋಕಿಗೊಮ್ಮೆ ಓದಿಸಿ. ಅದರ ಅಂಕಿ ಸರಿದರೆ ಆ ಹತ್ತನ್ನೂ ಮತ್ತೆ ಮಾಡಬೇಕು. ಇಷ್ಟು ಮಾಡಿದರೆ ಬೋಕಿಗಳನ್ನು ಗುಂಪು ಮಾಡಲು ಗನ್ ಸಾಕು. ಆ ಗುಂಪಿಗೆ ಊರಿನ ಹೆಸರು ಕೊಡಲು ಸಾಲದು.

ಐಸಿಪಿ-ಎಂಎಸ್ ಅಪರೂಪದ ಭೂಧಾತುಗಳು, ಥೋರಿಯಂ, ಸ್ಕ್ಯಾಂಡಿಯಂ ತನಕ ಓದುತ್ತದೆ. ಗದಗದ ಹಸಿರುಶಿಲೆ (ಹಳೆಯ ಲಾವಾದ ಬಂಡೆ) ಸವೆದ ಮಣ್ಣಿನಲ್ಲಿ ಕ್ರೋಮಿಯಂ, ನಿಕಲ್, ಸ್ಕ್ಯಾಂಡಿಯಂ ಏರಿರುತ್ತವೆ. ನೈಸ್ ಶಿಲೆಯ (ಗ್ರಾನೈಟ್‌ನಂಥ ಪಟ್ಟೆಗಲ್ಲು) ಮಣ್ಣಿನಲ್ಲಿ ಥೋರಿಯಂ, ಲ್ಯಾಂಥನಂ, ರುಬಿಡಿಯಂ. ಇವೆರಡನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಅಂಕಿ ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ. ನ್ಯೂಟ್ರಾನ್ ಹಾಯಿಸಿ ಧಾತು ಅಳೆಯುವ ವಿಧಾನವೂ ಇಷ್ಟೇ ಚೊಕ್ಕ, ಆದರೆ ರಿಯಾಕ್ಟರ್ ಬೇಕು.

ತಪ್ಪಾಗುವುದು ತಯಾರಿಯಲ್ಲಿ. ಹೊರಮೈಯನ್ನು 1 ಮಿಮೀ ಕೆರೆದು ತೆಗೆಯಿರಿ. ಟಂಗ್‌ಸ್ಟನ್ ಕಾರ್ಬೈಡ್ ಬಿಟ್ ಅಥವಾ ಪಾತ್ರೆ ಬಳಸಿದರೆ ಪುಡಿಗೆ ಟಂಗ್‌ಸ್ಟನ್, ಕೋಬಾಲ್ಟ್ ಸೇರುತ್ತವೆ. ಅಗೇಟ್ ಒರಳೇ ಸರಿ. ದಪ್ಪ ಉಸುಕಿನ ಬೋಕಿಯಿಂದ 1-2 ಗ್ರಾಂ ಪುಡಿ ಮಾಡಿ, ಚೆನ್ನಾಗಿ ಬೆರೆಸಿ, ಅದರಿಂದ 100 ಮಿಲಿಗ್ರಾಂ ತೂಗಿ. ನೇರವಾಗಿ 100 ಮಿಲಿಗ್ರಾಂ ಮಾತ್ರ ಕೆರೆದರೆ ಒಂದು ಹರಳೇ ಫಲಿತಾಂಶ ಕೆಡಿಸುತ್ತದೆ. ಹೈಡ್ರೋಫ್ಲೋರಿಕ್ ಆಸಿಡ್ಡಿನಲ್ಲಿ ಜಿರ್ಕಾನ್ ಹರಳು ಪೂರ್ತಿ ಕರಗುವುದಿಲ್ಲ, ಜಿರ್ಕೋನಿಯಂ ಮತ್ತು ಹಾಫ್ನಿಯಂ ಕಮ್ಮಿ ಬರುತ್ತವೆ. ಆಸಿಡ್ಡನ್ನು ಪೂರ್ತಿ ಆವಿ ಮಾಡದಿದ್ದರೆ ಭೂಧಾತುಗಳು ಫ್ಲೋರೈಡ್ ಆಗಿ ತಳಕ್ಕೆ ಕೂರುತ್ತವೆ. ಲಿಥಿಯಂ ಮೆಟಾಬೋರೇಟ್ ಜೊತೆ ಸುಮಾರು 1000 ಡಿಗ್ರಿಯಲ್ಲಿ ಕರಗಿಸಿದರೆ ಜಿರ್ಕಾನ್ ಬಿಡುತ್ತದೆ, ಆದರೆ ದ್ರಾವಣದಲ್ಲಿ ಉಪ್ಪಿನ ಭಾರ ಹೆಚ್ಚಿ ಯಂತ್ರದ ಓದು ಜಾರುತ್ತದೆ, ಹೆಚ್ಚು ತೆಳುಗೊಳಿಸಬೇಕು. ಹೈಡ್ರೋಫ್ಲೋರಿಕ್ ಆಸಿಡ್ ಚರ್ಮದೊಳಗೆ ಇಳಿದು ಎಲುಬು ತಲುಪುವಂಥದ್ದು. ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕೈಗೆ ಸಿಗುವಷ್ಟು ಹತ್ತಿರ ಇಲ್ಲದೆ ಬಾಟಲಿ ತೆರೆಯಲೇಬೇಡಿ.

ಇಷ್ಟೆಲ್ಲ ಮಾಡಿಯೂ ಉತ್ತರ ತಪ್ಪಬಹುದು. ಅದಕ್ಕೇ ತೆಳುಛೇದ ಮೊದಲು ಬೇಕು ಅನ್ನುವುದು. ಒಂದೇ ಮಣ್ಣಿಗೆ ಒಬ್ಬ ಕುಂಬಾರ ಒಟ್ಟು ನೂರರಲ್ಲಿ 30 ಭಾಗ ಬೆಣಚುಕಲ್ಲಿನ ಉಸುಕು ಬೆರೆಸಿದ, ಇನ್ನೊಬ್ಬ ಬೆರೆಸಲಿಲ್ಲ ಅನ್ನಿ. ಮೊದಲನೆಯವನ ಬೋಕಿಯಲ್ಲಿ ಮಣ್ಣಿನಿಂದ ಬಂದ ಪ್ರತಿ ಧಾತುವೂ 70 ಭಾಗಕ್ಕೆ ಇಳಿಯುತ್ತದೆ. ಬರೀ ಅಂಕಿ ನೋಡಿದವರು ಎರಡು ಊರು ಎನ್ನುತ್ತಾರೆ, ಊರು ಒಂದೇ. ಉಸುಕು ಕಂಡಿದ್ದರೆ ಉಳಿದ ಅಂಕಿಗಳನ್ನು ಸ್ಕ್ಯಾಂಡಿಯಂನಂಥ ಒಂದು ಧಾತುವಿನ ಅಂಕಿಯಿಂದ ಭಾಗಿಸಿ ಅನುಪಾತ ನೋಡುತ್ತೀರಿ.

ಖರ್ಚೂ ತೆಳುಛೇದದ್ದೇ ಕಮ್ಮಿ. ಬಾಯಂಚಿನಿಂದ ತಳದ ಕಡೆಗೆ, ನೆಟ್ಟಗೆ ಕೊಯ್ಯಿರಿ. ಮೆತ್ತಗೆ ಸುಟ್ಟ ಬೋಕಿ ನೀರಿಗೆ ಪುಡಿಯಾಗುತ್ತದೆ, ಮೊದಲು ಎಪಾಕ್ಸಿ ಕುಡಿಸಿ. ಗಾಜಿಗೆ ಅಂಟಿಸಿ ಕಾರ್ಬೊರಂಡಂ ಪುಡಿಯಲ್ಲಿ 30 ಮೈಕ್ರಾನ್‌ಗೆ ತೇಯಿರಿ. ಸೂಕ್ಷ್ಮದರ್ಶಕದ ಅಡ್ಡ ಧ್ರುವಕಗಳ (ಬೆಳಕನ್ನು ಒಂದೇ ದಿಕ್ಕಿಗೆ ಸೋಸುವ ಎರಡು ಫಿಲ್ಟರ್) ನಡುವೆ ಬೆಣಚು ಹಳದಿ ಕಂಡರೆ ಇನ್ನೂ ದಪ್ಪ, ಬೂದು-ಬಿಳಿ ಬಂದಾಗ ನಿಲ್ಲಿಸಿ. ಮೈಕ್ರೊಕ್ಲಿನ್, ಕಪ್ಪು ಅಭ್ರಕದ ಹರಳು ಇದ್ದರೆ ನೈಸ್ ಕಡೆ. ಎಪಿಡೋಟ್, ಆಂಫಿಬೋಲ್ ಹರಳು ಇದ್ದರೆ ಹಸಿರುಶಿಲೆ ಕಡೆ. ಗ್ರೇವ್ಯಾಕ್ (ಕೆಸರು ಬೆರೆತ ಮರಳುಗಲ್ಲು) ಚೂರುಗಳಿದ್ದರೆ ಧಾರವಾಡದ ಕಡೆಯ ಬಂಡೆ. ರಂಧ್ರಗಳ ಅಂಚಿಗೆ ಸಣ್ಣ ಸುಣ್ಣದ ಹರಳು ಕಟ್ಟಿದ್ದರೆ ಅದು ಹೂತ ಮೇಲೆ ಎರೆಭೂಮಿ ಕೊಟ್ಟದ್ದು. ಅಂಥ ಬೋಕಿಯ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ ಅಂಕಿ ಬಿಟ್ಟುಬಿಡಿ. ರಂಜಕವನ್ನೂ ಬಿಡಿ.

ಇದರ ಮಿತಿ: ನಯವಾದ, ಉಸುಕಿಲ್ಲದ ಮಣ್ಣಿನಲ್ಲಿ ಏನೂ ಕಾಣುವುದಿಲ್ಲ. ಅಲ್ಲಿ ಆಸಿಡ್ ದಾರಿಯೇ ಗತಿ. ನದಿ ದಂಡೆಯ ಮೆಕ್ಕಲು ಮೇಲಿನ ಎಲ್ಲ ಬಂಡೆಗಳ ಬೆರಕೆ, ಹಾಗಾಗಿ ತುಂಗಭದ್ರೆಯ ಮೇಲಿನೂರು ಕೆಳಗಿನೂರು ಬಿಡಿಸಲು ಮೂರೂ ಸೋಲಬಹುದು.

ಯಾವ ದಾರಿ ಹಿಡಿದರೂ ಹೋಲಿಸಲು ಇಂದಿನ ಮಣ್ಣು ಬೇಕು. ಗೊಬ್ಬರ ತಾಗದ ಆಳದಿಂದ, ಪ್ರತಿ ಕೆರೆ, ಹಳ್ಳದಿಂದ ತಲಾ 1 ಕೆಜಿ ತೆಗೆದು, ಬಿಲ್ಲೆ ಮಾಡಿ 700-800 ಡಿಗ್ರಿಯಲ್ಲಿ ಸುಡಿ. ಎರೆ ಮತ್ತು ಮಸಾರಿ ಬೆರೆಸಿದ ಬಿಲ್ಲೆಗಳನ್ನೂ 1:1, 2:1 ಪ್ರಮಾಣದಲ್ಲಿ ಮಾಡಿಡಿ, ಏಕೆಂದರೆ ಕುಂಬಾರ ಒಂದೇ ಗುಂಡಿಯ ಮಣ್ಣು ಬಳಸಿದ ಎಂಬ ಖಾತ್ರಿ ಇಲ್ಲ.